ಸ್ಟೇಷನ್ ಬದಲಾಗುತ್ತದಂತೆ! ಗಾಳಿಸುದ್ದಿ, ರೇಟಿಂಗ್, ದಾಖಲೆ, ನೋಟ್‌ಬುಕ್: ಯಾವುದನ್ನು ನಂಬಬೇಕು?

ಹನ್ನೊಂದು ವರ್ಷ ಕೇಳಿದ ರೇಡಿಯೊ ಸ್ಟೇಷನ್ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಇಲ್ಲವಾಯಿತು. ಫ್ರೀಕ್ವೆನ್ಸಿ ಅದೇ. ಹೆಸರು ಬೇರೆ, ಹಾಡು ಬೇರೆ, ಮಾತಾಡುವವರೇ ಇಲ್ಲ. ಹಿಂದಿನ ರಾತ್ರಿ ಆರ್‌ಜೆ "ನಾಳೆ ಸಿಗೋಣ" ಅಂದೇ ಹೋಗಿದ್ದರು. ಅವರಿಗೂ ವಿಷಯ ಗೊತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಇನ್ನೊಂದು ಸಲ ಹೀಗೆ ಕಣ್ಣು ಮುಚ್ಚಿ ಕೂರಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಅದಾದ ಮೇಲೆ ಒಂದೂವರೆ ವರ್ಷದಲ್ಲಿ ಮೂರು ಗಾಳಿಸುದ್ದಿ ಕಿವಿಗೆ ಬಿತ್ತು. ಹಳೆಯ ಹಾಡುಗಳ ಸ್ಟೇಷನ್ ಹೊಸ ಹಾಡುಗಳಿಗೆ ತಿರುಗುತ್ತದಂತೆ. ಮಾತುಕತೆಯ ಸ್ಟೇಷನ್ ಮಾರಾಟವಾಗಿ ಕ್ರೀಡೆಗೆ ಹೋಗುತ್ತದಂತೆ. ಹೊಸ ಹಾಡು ಹಾಕುವ ಎರಡು ಸ್ಟೇಷನ್‌ಗಳಲ್ಲಿ ಒಂದು ಕಣದಿಂದ ಹಿಂದೆ ಸರಿಯುತ್ತದಂತೆ. ಮೂರನ್ನೂ ನಾಲ್ಕು ದಾರಿಯಲ್ಲಿ ಪರೀಕ್ಷೆ ಮಾಡಿದೆ: ಜನರ ಬಾಯಿಯ ಸುದ್ದಿ, ರೇಟಿಂಗ್, ಸಾರ್ವಜನಿಕ ದಾಖಲೆಗಳು, ಮತ್ತೆ ಕೈಯಲ್ಲಿ ನೋಟ್‌ಬುಕ್ ಹಿಡಿದು ಕೇಳುವುದು. ಕೊನೆಗೆ ಮೂರರಲ್ಲಿ ನಿಜವಾಗಿ ಬದಲಾದದ್ದು ಮೊದಲನೆಯದು ಮಾತ್ರ.

ಮೊದಲು ಗಾಳಿಸುದ್ದಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ರೇಡಿಯೊ ಕೇಳುಗರಲ್ಲಿ ಬಹಳ. ನಾನೂ ಮೊದಲ ವಾರ ಹಾಗೇ ಮಾಡಿದೆ. ಮಾತುಕತೆಯ ಸ್ಟೇಷನ್ ಮಾರಾಟದ ಸುದ್ದಿ ಎಲ್ಲಿಂದ ಬಂತು ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹಿಂದೆ ಹೋದೆ. ಅದು ಹೋಗಿ ನಿಂತದ್ದು ಎದುರಾಳಿ ಸ್ಟೇಷನ್ನಿನಲ್ಲಿ ಜಾಹೀರಾತು ಮಾರುವ ಒಬ್ಬರ ಹತ್ತಿರ. "ಅವರು ಇನ್ನು ಆರು ತಿಂಗಳು ಇರುವುದಿಲ್ಲ, ಅಲ್ಲಿ ಯಾಕೆ ದುಡ್ಡು ಹಾಕುತ್ತೀರಿ" ಅಂತ ಗಿರಾಕಿಗೆ ಹೇಳಿದ್ದ ಮಾತು ಅದು. ನಿಜವಾಗಿ ಆಗಿದ್ದೇನೆಂದರೆ ಬೆಳಗಿನ ನಿರೂಪಕರು ಕೆಲಸ ಬಿಟ್ಟಿದ್ದರು, ಅಷ್ಟೇ.

ಹಾಗಂತ ಗಾಳಿಸುದ್ದಿಯನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. 2010ರ ಫೆಬ್ರುವರಿಯಲ್ಲಿ ಬಿಬಿಸಿ ತನ್ನ 6 ಮ್ಯೂಸಿಕ್ ಸ್ಟೇಷನ್ ಮುಚ್ಚುತ್ತದೆ ಅಂತ ಪತ್ರಿಕೆಯಲ್ಲಿ ಸುದ್ದಿ ಸೋರಿತು. ಮಾರ್ಚ್‌ನಲ್ಲಿ ಬಿಬಿಸಿಯೇ ಆ ಪ್ರಸ್ತಾಪ ಮುಂದಿಟ್ಟಿತು. ಕೇಳುಗರು ಸುಮ್ಮನೆ ಕೂರಲಿಲ್ಲ. ಪ್ರತಿಭಟನೆ ಎದ್ದಿತು, ಕೇಳುವವರ ಸಂಖ್ಯೆ 10 ಲಕ್ಷ ದಾಟಿತು. ಜುಲೈನಲ್ಲಿ ಆಗ ಬಿಬಿಸಿಯ ಮೇಲ್ವಿಚಾರಣೆ ನೋಡುತ್ತಿದ್ದ ಬಿಬಿಸಿ ಟ್ರಸ್ಟ್ ಆ ಪ್ರಸ್ತಾಪವನ್ನು ಒಪ್ಪಲಿಲ್ಲ. ಸ್ಟೇಷನ್ ಉಳಿಯಿತು. ಸುದ್ದಿ ಮೊದಲೇ ತಿಳಿದರೆ ಕೇಳುಗರು ಏನು ಮಾಡಬಹುದು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ಆದರೆ ನಾನು ನೋಡಿದ ಮೂರು ಸುದ್ದಿಗಳಲ್ಲಿ ನಿಜವಾದ ಒಂದು ಕೂಡ ಅರ್ಧ ತಪ್ಪಾಗಿತ್ತು. ಹೇಳಿದ ದಿನಕ್ಕಿಂತ ನಾಲ್ಕು ತಿಂಗಳು ತಡವಾಗಿ ಬದಲಾಯಿತು. ಬದಲಾದದ್ದೂ ಹೊಸ ಹಾಡಿಗಲ್ಲ, ಆರ್‌ಜೆಯೇ ಇಲ್ಲದ ಎಲ್ಲ ಬಗೆಯ ಹಾಡುಗಳ ಕಲಸುಮೇಲೋಗರಕ್ಕೆ.

ರೇಟಿಂಗ್ ಬಗ್ಗೆ ನನಗಿದ್ದ ನಂಬಿಕೆ ಜಾಸ್ತಿಯಾಗಿತ್ತು. ಸಂಖ್ಯೆ ಸುಳ್ಳು ಹೇಳುವುದಿಲ್ಲ ಅಂದುಕೊಂಡಿದ್ದೆ. ಹಳೆಯ ಹಾಡುಗಳ ಸ್ಟೇಷನ್ ಪಟ್ಟಿಯಲ್ಲಿ ನಾಲ್ಕನೇ ಜಾಗದಲ್ಲಿತ್ತು, ಆದ್ದರಿಂದ ಅದಕ್ಕೇನೂ ಆಗುವುದಿಲ್ಲ ಅಂತ ಧೈರ್ಯವಾಗಿದ್ದೆ. ಎಡವಿದ್ದು ಅಲ್ಲೇ. ನಮ್ಮ ಕಣ್ಣಿಗೆ ಬೀಳುವುದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಅಂಕಿ. ಜಾಹೀರಾತು ಕೊಡುವವರು ನೋಡುವುದು ಬೇರೆ ಅಂಕಿ, ಹೆಚ್ಚಾಗಿ 25ರಿಂದ 54 ವರ್ಷದವರದ್ದು. ಕೇಳುಗರೆಲ್ಲ ಅರವತ್ತು ದಾಟಿದವರಾದರೆ ಸ್ಟೇಷನ್ ನಾಲ್ಕನೇ ಜಾಗದಲ್ಲಿದ್ದೂ ಕಾಸು ಹುಟ್ಟುವುದಿಲ್ಲ.

ನ್ಯೂಯಾರ್ಕಿನ ಡಬ್ಲ್ಯೂಸಿಬಿಎಸ್-ಎಫ್‌ಎಂ 1972ರಿಂದ ಹಳೆಯ ಹಾಡು ಹಾಕುತ್ತಿತ್ತು. 2005ರ ಜೂನ್ 3ರಂದು ಅದನ್ನು "ಜ್ಯಾಕ್" ಅನ್ನುವ ಹೆಸರಿನ, ಆರ್‌ಜೆ ಇಲ್ಲದ ಫಾರ್ಮ್ಯಾಟ್‌ಗೆ (ಸ್ಟೇಷನ್ ಏನು ಹಾಕುತ್ತದೆ, ಹೇಗೆ ಹಾಕುತ್ತದೆ ಅನ್ನುವ ಬಗೆ) ತಿರುಗಿಸಿದರು. ಇನ್ನೂ ಕಿರಿಯ ಕೇಳುಗರು ಬೇಕು ಅನ್ನುವ ಲೆಕ್ಕಾಚಾರ. ಅದು ಕೈಗೂಡಲಿಲ್ಲ. 2007ರ ಜುಲೈ 12ರಂದು ಹಳೆಯ ಹಾಡುಗಳೇ ವಾಪಸ್ ಬಂದವು. ಎರಡು ವರ್ಷ ಕಾದ ಕೇಳುಗರ ಆವತ್ತಿನ ಖುಷಿಯನ್ನು ಯೋಚಿಸಿದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಅಳೆಯುವ ವಿಧಾನ ಬದಲಾದರೂ ಸ್ಟೇಷನ್‌ಗಳ ಹಣೆಬರಹ ಬದಲಾಗುತ್ತದೆ. ಅಮೆರಿಕದಲ್ಲಿ ಮೊದಲು ಕೇಳುಗರು ಏನು ಕೇಳಿದೆವು ಅಂತ ಒಂದು ವಾರ ಡೈರಿಯಲ್ಲಿ ಬರೆಯುತ್ತಿದ್ದರು. 2007ರಲ್ಲಿ ಫಿಲಡೆಲ್ಫಿಯಾ, ಹ್ಯೂಸ್ಟನ್ ನಗರಗಳಿಂದ ಶುರುವಾಗಿ ಪೋರ್ಟಬಲ್ ಪೀಪಲ್ ಮೀಟರ್ ಬಂತು. ಮೈಮೇಲೆ ಇಟ್ಟುಕೊಳ್ಳುವ ಪುಟ್ಟ ಸಾಧನ ಅದು. ಪ್ರಸಾರದೊಳಗೆ ಅಡಗಿಸಿಟ್ಟ, ಕಿವಿಗೆ ಕೇಳದ ಗುರುತನ್ನು ಹಿಡಿಯುತ್ತದೆ. ಡೈರಿಯಲ್ಲಿ ಜನ ಮನಸ್ಸಿಗೆ ಹತ್ತಿರವಾದ ಸ್ಟೇಷನ್ ಹೆಸರು ಬರೆಯುತ್ತಿದ್ದರು. ಮೀಟರ್ ಮಾತ್ರ ಅಂಗಡಿಯಲ್ಲಿ ಸುಮ್ನೆ ಕಿವಿಗೆ ಬಿದ್ದದ್ದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಪ್ರೀತಿಯಿಂದ ಕೇಳುವ ಚಿಕ್ಕ ಗುಂಪಿನ ಸ್ಟೇಷನ್‌ಗಳಿಗೆ ಇದರಿಂದ ಪೆಟ್ಟು ಬಿತ್ತು. ಒಟ್ಟಿನಲ್ಲಿ ರೇಟಿಂಗ್ ನನಗೆ ಕೆಲಸಕ್ಕೆ ಬಂದದ್ದು ಆದದ್ದು ಯಾಕಾಯಿತು ಅಂತ ಅರ್ಥ ಮಾಡಿಕೊಳ್ಳಲು. ಮುಂದೆ ಏನಾಗುತ್ತದೆ ಅಂತ ಅದು ನನಗೆ ಒಮ್ಮೆಯೂ ಹೇಳಲಿಲ್ಲ.

ದಾಖಲೆಗಳ ವಿಷಯ ಬೇಗ ಮುಗಿಸುತ್ತೇನೆ. ಹೊಸ ಟ್ರೇಡ್‌ಮಾರ್ಕ್ ಅರ್ಜಿ, ಹೊಸ ಡೊಮೇನ್ ಹೆಸರು, ಕೆಲವು ದೇಶಗಳಲ್ಲಿ ಸ್ಟೇಷನ್ನಿನ ಕಾಲ್ ಸೈನ್ (ಡಬ್ಲ್ಯೂಸಿಬಿಎಸ್ ತರಹದ ಅಧಿಕೃತ ಅಕ್ಷರ ಗುರುತು) ಬದಲಾವಣೆಯ ಅರ್ಜಿ, ಇವೆಲ್ಲ ಹುಡುಕಿದರೆ ಯಾರಿಗಾದರೂ ಸಿಗುತ್ತವೆ. ಮೂರನೇ ಗಾಳಿಸುದ್ದಿಯ ಸಮಯದಲ್ಲಿ ಒಂದು ಹೊಸ ಡೊಮೇನ್ ನೋಡಿ "ಸಿಕ್ಕಿತು!" ಅಂತ ಕುಣಿದೆ. ಏನೂ ಆಗಲಿಲ್ಲ. ಒಳ್ಳೆಯ ಹೆಸರು ಎದುರಾಳಿಗೆ ಸಿಗದಿರಲಿ ಅಂತ ಕೊಂಡಿಟ್ಟುಕೊಳ್ಳುವುದು ಈ ವ್ಯಾಪಾರದಲ್ಲಿ ಮಾಮೂಲಿ. ಇನ್ನು ಫಾರ್ಮ್ಯಾಟ್ ಬದಲಿಸಲು ಸರ್ಕಾರದ ಒಪ್ಪಿಗೆ ಬೇಕಲ್ವಾ, ಅದು ದಾಖಲೆಯಲ್ಲಿ ಸಿಗುತ್ತದಲ್ವಾ ಅಂತ ಕೇಳಬಹುದು. ಅಮೆರಿಕದಲ್ಲಂತೂ ಬೇಕಾಗಿಲ್ಲ. ಡಬ್ಲ್ಯೂಎನ್‌ಸಿಎನ್ ಎಂಬ ನ್ಯೂಯಾರ್ಕಿನ ಶಾಸ್ತ್ರೀಯ ಸಂಗೀತದ ಸ್ಟೇಷನ್ನಿನ ಕೇಳುಗರ ಸಂಘ ಇದೇ ವಿಷಯಕ್ಕೆ ಸುಪ್ರೀಂ ಕೋರ್ಟ್ ತನಕ ಹೋಯಿತು. ಫಾರ್ಮ್ಯಾಟ್ ವಿಷಯವನ್ನು ಮಾರುಕಟ್ಟೆಗೆ ಬಿಡುವ, ರೇಡಿಯೊ ಪರವಾನಗಿ ಕೊಡುವ ಸರ್ಕಾರಿ ಆಯೋಗದ (ಎಫ್‌ಸಿಸಿ) ನೀತಿ ಸರಿ ಅಂತ 1981ರಲ್ಲಿ ಕೋರ್ಟ್ ಹೇಳಿತು. ಕೇಳುಗರು ಅಷ್ಟು ದೂರ ಹೋಗಿ ಹೋರಾಡಿದರಲ್ಲ, ಅದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಈಗ ನೋಟ್‌ಬುಕ್. ದಿನಾ ಸಂಜೆ 5ರಿಂದ 6ರವರೆಗೆ ಒಂದೇ ಸ್ಟೇಷನ್, ಒಂದು ಪುಟ. ನಾಲ್ಕು ಗೆರೆ ಎಳೆದುಕೊಂಡೆ: ಹಾಡು ಯಾವ ವರ್ಷದ್ದು, ಆರ್‌ಜೆ ಎಷ್ಟು ಸಲ ಮಾತಾಡಿದರು, ಯಾವ ಜಾಹೀರಾತು, ಸ್ಟೇಷನ್ ತನ್ನನ್ನು ಏನಂತ ಕರೆದುಕೊಂಡಿತು. ಮೊದಲ ವಾರ ಬೇಜಾರು ಬಂತು. ಮೂರನೇ ವಾರದಿಂದ ಪುಟಗಳು ಮಾತಾಡತೊಡಗಿದವು.

ಹಳೆಯ ಹಾಡುಗಳ ಸ್ಟೇಷನ್ನಿನ ಮೊದಲ ಪುಟದಲ್ಲಿ 11 ಹಾಡು, ಆರ್‌ಜೆ 6 ಸಲ ಮಾತಾಡಿದ್ದಾರೆ, 3 ಸಲ ಗಂಟೆ ಎಷ್ಟು ಅಂತ ಹೇಳಿದ್ದಾರೆ. ಏಳು ವಾರದ ನಂತರದ ಪುಟದಲ್ಲಿ 14 ಹಾಡು, ಆರ್‌ಜೆ 2 ಸಲ, ಗಂಟೆ ಒಂದು ಸಲವೂ ಇಲ್ಲ. ಅವತ್ತು ಹೊರಗೆ ಜೋರು ಮಳೆ. ಕಿಟಕಿಯ ಗಾಜಿನ ಮೇಲೆ ನೀರು ಸುರಿಯುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. ಹನಿ ಬಿದ್ದರೂ ಬಿಡದೆ ಮಾತಾಡುತ್ತಿದ್ದ ಆರ್‌ಜೆ ಮಳೆಯ ಸುದ್ದಿಯನ್ನೇ ಎತ್ತಲಿಲ್ಲ. ಆಗ ಹೊಳೆಯಿತು, ಇದು ಮೊದಲೇ ರೆಕಾರ್ಡ್ ಮಾಡಿಟ್ಟ ದನಿ. ಪುಟದ ಅಂಚಿನಲ್ಲಿ "ಮಳೆ ಇಲ್ಲ" ಅಂತ ಬರೆದುಕೊಂಡೆ. ಆ ಎರಡು ಪದ ನೋಡಿದರೆ ಇವತ್ತಿಗೂ ಬೇಸರವಾಗುತ್ತದೆ.

ಮುಂದಿನ ವಾರ ಗಂಟೆಗೊಮ್ಮೆ ಬರುವ ಜಿಂಗಲ್‌ನಿಂದ "ಹಳೆಯ ಹಾಡು" ಅನ್ನುವ ಮಾತು ಹೋಯಿತು. ಬರೀ ಹೆಸರು, ಫ್ರೀಕ್ವೆನ್ಸಿ ಉಳಿಯಿತು. ಜಾಹೀರಾತಿನ ಜಾಗದಲ್ಲಿ ದುಡ್ಡು ಬಾರದ ಸಾರ್ವಜನಿಕ ಸಂದೇಶಗಳು ತುಂಬಿದವು. ಕೇಳುಗರ ಸ್ಪರ್ಧೆ ನಿಂತಿತು. ಇವುಗಳಲ್ಲಿ ಒಂದೇ ಒಂದು ಕಂಡರೆ ಅದಕ್ಕೆ ಬೇರೆ ಕಾರಣ ಇರಬಹುದು. ರೆಕಾರ್ಡ್ ಮಾಡಿದ ದನಿ, ಜಿಂಗಲ್, ಜಾಹೀರಾತು, ಸ್ಪರ್ಧೆ, ಈ ನಾಲ್ಕೂ ಒಂದೇ ತಿಂಗಳಲ್ಲಿ ಬಂದರೆ ಇನ್ನು ದಿನ ಎಣಿಸಬೇಕು. ಇದೇ ನೋಟ್‌ಬುಕ್ ಉಳಿದೆರಡು ಸುದ್ದಿ ಸುಳ್ಳು ಅಂತಲೂ ಹೇಳಿತು. ಮಾತುಕತೆಯ ಸ್ಟೇಷನ್ನಿನಲ್ಲಿ ಏನೂ ಕದಲಿರಲಿಲ್ಲ. ಹೊಸ ಹಾಡಿನ ಸ್ಟೇಷನ್ ಐದಾರು ವರ್ಷ ಹಿಂದಿನ ಹಾಡುಗಳನ್ನು ನಡುನಡುವೆ ಸೇರಿಸತೊಡಗಿತ್ತು, ಅಷ್ಟೇ. ಎದುರಾಳಿಯ ಜೊತೆ ಗುದ್ದಾಡುವ ಬದಲು ಸ್ವಲ್ಪ ಪಕ್ಕಕ್ಕೆ ಸರಿದು ನಿಂತಿತ್ತು.

ನಾಲ್ಕರಲ್ಲಿ ಒಂದೇ ಆರಿಸು ಅಂದರೆ ನಾನು ಯೋಚನೆ ಮಾಡದೆ ನೋಟ್‌ಬುಕ್ ಅನ್ನುತ್ತೇನೆ. ಎರಡನ್ನು ಇಟ್ಟುಕೊಳ್ಳಬಹುದಾದರೆ ಗಾಳಿಸುದ್ದಿಯನ್ನೂ ಸೇರಿಸುತ್ತೇನೆ, ಯಾವ ಸ್ಟೇಷನ್ ಕಡೆ ಕಿವಿ ತಿರುಗಿಸಬೇಕು ಅಂತ ತಿಳಿಯಲು. ಒಂದು ಎಚ್ಚರಿಕೆ: ದಿನ ಯಾವುದು ಅಂತ ನೋಟ್‌ಬುಕ್ ಹೇಳುವುದಿಲ್ಲ. ಲಾಸ್ ಏಂಜಲೀಸ್‌ನ ಕೆಎಂಇಟಿ ಎಂಬ ರಾಕ್ ಸ್ಟೇಷನ್ನಿನ ಸಿಬ್ಬಂದಿಯನ್ನು 1987ರ ಫೆಬ್ರುವರಿ ಮೊದಲ ವಾರದಲ್ಲಿ ತೆಗೆದರು, 14ರಂದು ಆ ಜಾಗದಲ್ಲಿ "ದಿ ವೇವ್" ಶುರುವಾಯಿತು. ಕೊನೆಯ ಹೆಜ್ಜೆ ಅಷ್ಟು ಬೇಗ ಬೀಳುತ್ತದೆ.

ನನಗೆ ಈ ಸಲ ಹದಿನೆಂಟು ದಿನ ಸಿಕ್ಕಿತು. ಸಂಜೆಯ ಕಾರ್ಯಕ್ರಮವನ್ನು ಅಷ್ಟೂ ದಿನ ರೆಕಾರ್ಡ್ ಮಾಡಿದೆ. ಆ ಆರ್‌ಜೆಗೆ ಎರಡು ಪುಟದ ಪತ್ರ ಬರೆದೆ, ಯಾವ ಸಂಜೆ ಅವರು ಹೇಳಿದ ಯಾವ ಮಾತು ನನ್ನನ್ನು ಎತ್ತಿ ನಿಲ್ಲಿಸಿತು ಅಂತ. ಸ್ಟೇಷನ್ ಬದಲಾದ ಒಂದು ತಿಂಗಳ ಮೇಲೆ ಅವರಿಂದ ಉತ್ತರ ಬಂತು. ಮೇಜು ಖಾಲಿ ಮಾಡುವಾಗ ಜೊತೆಗೆ ತಂದದ್ದು ಆ ಪತ್ರ ಮತ್ತು ಹೆಡ್‌ಫೋನ್ ಅಂತ ಬರೆದಿದ್ದರು. ಉತ್ತರವನ್ನು ನೋಟ್‌ಬುಕ್ಕಿನಲ್ಲಿ "ಮಳೆ ಇಲ್ಲ" ಅಂತ ಬರೆದ ಪುಟದ ನಡುವೆ ಇಟ್ಟಿದ್ದೇನೆ.