ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ: 2012ರ ಲ್ಯಾಪ್‌ಟಾಪ್‌ನಲ್ಲಿ ಮೂರು ವರ್ಷ

ನಮ್ಮ ಮನೆಯ ಲ್ಯಾಪ್‌ಟಾಪ್ 2012ರದ್ದು. ಮೂರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದರಲ್ಲಿಲ್ಲ. ಹಾಗಾಗಿ 2023ರ ಜನವರಿಯಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 21.1 ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ, ಅದರಲ್ಲೂ ಹಳೇ ಮಷಿನ್ನಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಅಪ್ಪನ ಪತ್ರ, ಮಗಳ ಪಾಠ, ನನ್ನ ಲೆಕ್ಕ ಎಲ್ಲ ಇವತ್ತಿಗೂ ಅದರಲ್ಲೇ. ಆದರೆ ಇನ್‌ಸ್ಟಾಲ್ ಮಾಡುವಾಗ ಮೂರು ಸಲ ಕೈಕೊಟ್ಟಿತ್ತು. ಮೊದಲು ಅದನ್ನೇ ಹೇಳುತ್ತೇನೆ. ಎಷ್ಟೋ ಜನ ಈ ಹಂತದಲ್ಲೇ ಬೇಜಾರಾಗಿ ಒಳ್ಳೇ ಮಷಿನ್ನನ್ನು ಗುಜರಿಗೆ ಹಾಕಿಬಿಡುತ್ತಾರೆ.

ಫೈಲ್ ಕಾಪಿ ಮುಕ್ಕಾಲು ಆಗಿತ್ತು. ಅಲ್ಲಿಗೆ ನಿಂತು, ‘ಇನ್‌ಪುಟ್/ಔಟ್‌ಪುಟ್ ಎರರ್’ ಅಂತ ಬಂತು. ಡಿಸ್ಕ್ ಕೆಟ್ಟಿರಬಹುದು ಅಂತಲೂ ಬರೆದಿತ್ತು. ನಾನೂ ನಂಬಿದೆ. ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲಿನ (ಮಿಂಟ್ ಇನ್‌ಸ್ಟಾಲ್ ಮಾಡುವ ಫೈಲ್) ಚೆಕ್‌ಸಮ್, ಅಂದರೆ ಫೈಲ್ ಸರಿಯಾಗಿ ಬಂದಿದೆಯಾ ಅಂತ ತಿಳಿಸುವ ಸಂಕೇತ ನೋಡಿದೆ, ಅಕ್ಷರಕ್ಕೆ ಅಕ್ಷರ ಸರಿಯಿತ್ತು. ಬೇರೆ ಪೆನ್‌ಡ್ರೈವ್ ತಂದೆ. ಈ ಸಲ ಅರ್ಧಕ್ಕೇ ನಿಂತಿತು. ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ, ‘ಡಿಸ್ಕ್ಸ್’ ಪ್ರೋಗ್ರಾಂ ತೆರೆದು ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿ ನೋಡಿದರೆ ಹಾರ್ಡ್ ಡಿಸ್ಕ್‌ನಲ್ಲಿ ಒಂದೂ ಕೆಟ್ಟ ಸೆಕ್ಟರ್ ಇಲ್ಲ.

ಮೂರನೇ ಸಲ ಇನ್ನೆಲ್ಲೋ ನಿಂತಾಗ ತಲೆಗೆ ಹೊಳೆಯಿತು. ಡಿಸ್ಕ್ ಕೆಟ್ಟಿದ್ದರೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳಬೇಕು ಅಲ್ವಾ? ಸಲಕ್ಕೊಂದು ಕಡೆ ನಿಂತರೆ ರ‍್ಯಾಮ್ ಮೇಲೆ ಅನುಮಾನ ಬರಬೇಕು. ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು.

ಬ್ಯಾಟರಿ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿದೆ. 2 ಜಿಬಿಯ ಎರಡು ರ‍್ಯಾಮ್. ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ಮಗಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಒಂದೊಂದನ್ನೇ ಹಾಕಿ ಪರೀಕ್ಷೆ ಮಾಡಿದೆ. ಒಂದರಲ್ಲಿ ರಾತ್ರಿಯಿಡೀ ಓಡಿಸಿದರೂ ತಪ್ಪಿಲ್ಲ. ಇನ್ನೊಂದು ಉಜ್ಜಿದ ಮೇಲೂ ಕೆಂಪೇ. ಅದನ್ನು ಹೊರಗಿಟ್ಟು, ಉಳಿದ 2 ಜಿಬಿಯಲ್ಲೇ ಮತ್ತೆ ಇನ್‌ಸ್ಟಾಲ್‌ಗೆ ಕೂತೆ. ಎಲ್ಲೂ ನಿಲ್ಲದೆ ಮುಗಿಯಿತು. ಆಗ ಆದ ಸಮಾಧಾನ ಹೇಳೋಕಾಗಲ್ಲ. ಆಮೇಲೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ 4 ಜಿಬಿಯ ಸೆಕೆಂಡ್ ಹ್ಯಾಂಡ್ ಡಿಡಿಆರ್3 ತಂದು ಖಾಲಿ ಜಾಗಕ್ಕೆ ಹಾಕಿದೆ.

ಇನ್ನೊಂದು ಸಣ್ಣ ವಿಷಯ. ಆಫ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿತ್ತು. ಬ್ರೌಸರ್‌ನಲ್ಲಿ ಯಾವ ಸೈಟ್ ತೆರೆದರೂ ಭದ್ರತೆಯ ಎಚ್ಚರಿಕೆ. ಸುಮ್ನೆ ನೆಟ್‌ವರ್ಕ್ ಸೆಟ್ಟಿಂಗ್ ಕೆದಕಬೇಡಿ, ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಬಟನ್ ಸೆಲ್ ಬದಲಿಸಿ.

ಈಗ ಬಳಕೆಯ ಮಾತು. ಕನ್ನಡ ಟೈಪಿಂಗ್‌ಗೆ ಐಬಸ್ ಎಂ17ಎನ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ನುಡಿ ತಂತ್ರಾಂಶದಲ್ಲಿರುವ ಕೆಜಿಪಿ ಕೀಲಿಮಣೆ ಸಿಗುತ್ತದೆ. ನುಡಿಯಲ್ಲಿ ಬೆರಳು ಪಳಗಿದ ಅಪ್ಪನಿಗೆ ಒಂದೇ ದಿನದಲ್ಲಿ ಒಗ್ಗಿತು. ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿದ ಮೇಲಂತೂ ಚುರುಕು ಜಾಸ್ತಿಯಾಗಿದೆ. ಸಿಸ್ಟಂ ಅನ್ನು ಹಿಂದಿನ ಸ್ಥಿತಿಗೆ ಮರಳಿಸಬಲ್ಲ ಟೈಮ್‌ಶಿಫ್ಟ್‌ನಲ್ಲಿ ಒಂದು ಪ್ರತಿ ಉಳಿಸಿಕೊಂಡು ಮಿಂಟ್ 22ಕ್ಕೆ ಏರಿಸಿದೆ, ಅದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ಕೊರತೆ ಇಲ್ಲವೆಂದಲ್ಲ. ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆದರೆ ಫ್ಯಾನ್ ಜೋರಾಗುತ್ತದೆ. ಯೂನಿಕೋಡ್‌ಗೆ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಮುಂಚಿನ ಫಾಂಟ್‌ಗಳಲ್ಲಿ ಅಪ್ಪ ಟೈಪ್ ಮಾಡಿದ್ದ ಪತ್ರಗಳು ಲಿಬ್ರೆಆಫೀಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣುತ್ತವೆ. ಒಂದೊಂದನ್ನೇ ಯೂನಿಕೋಡ್‌ಗೆ ಬದಲಿಸುತ್ತಾ ಇದ್ದೇನೆ, ಇನ್ನೂ ಅರ್ಧ ಬಾಕಿ ಇದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.