ಮಗಳ 24 ಇಂಚಿನ ಎಂಟಿಬಿ: ಬೀದರಿನ ಇಳಿಜಾರಿನಲ್ಲಿ ವಿ-ಬ್ರೇಕ್ ಹೇಗೆ ನಡೆಯಿತು

ಮೊದಲು ಉತ್ತರ ಹೇಳಿಬಿಡುತ್ತೇನೆ. ಪುರುಸೊತ್ತು ಇಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಒಂಬತ್ತು ಹತ್ತು ವರ್ಷದ ಮಗುವಿಗೆ ಹತ್ತು ಹನ್ನೆರಡು ಸಾವಿರದ ಒಳಗೆ ಎಂಟಿಬಿ (ಮೌಂಟನ್ ಬೈಕ್) ಕೊಳ್ಳುವುದಾದರೆ ವಿ-ಬ್ರೇಕ್, ಅಂದರೆ ಎರಡು ತೋಳುಗಳ ರಬ್ಬರ್ ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ಬ್ರೇಕ್, ಸಾಕು. ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಆ ಬೆಲೆಗೆ ಸಿಗುತ್ತದಲ್ಲ, ಅದಕ್ಕಿಂತ ಇದೇ ಮೇಲು. ಆದರೆ ರಿಮ್ ಅಲ್ಯೂಮಿನಿಯಂನದ್ದಾಗಿರಬೇಕು, ಬ್ರೇಕ್ ಲಿವರ್ ಮಗುವಿನ ಬೆರಳಿಗೆ ಸಿಗಬೇಕು. ಇವೆರಡೂ ಇಲ್ಲದಿದ್ದರೆ ಯಾವ ಬ್ರೇಕ್ ಹಾಕಿಸಿದರೂ ಸುಮ್ನೆ.

ನಮ್ಮದು 24 ಇಂಚಿನ ಚಕ್ರ, ಸ್ಟೀಲ್ ಫ್ರೇಮ್, ಮುಂದೆ ಶಾಕಪ್, ಹಿಂದೆ ಏಳು ಗೇರ್. ತೂಕ ಹತ್ತಿರ ಹತ್ತಿರ 15 ಕೆಜಿ. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಈ ಬೆಲೆಯಲ್ಲಿ ಹೆಚ್ಚುಕಮ್ಮಿ ಎಲ್ಲರ ಸೈಕಲ್ಲೂ ಹೀಗೇ ಇರುತ್ತವೆ. ಕೊಂಡಾಗ ಮಗಳಿಗೆ ಒಂಬತ್ತು ತುಂಬಿತ್ತು, ಎತ್ತರ 136 ಸೆಂ.ಮೀ. 24 ಇಂಚು ಸಾಮಾನ್ಯವಾಗಿ 135ರಿಂದ 150 ಸೆಂ.ಮೀ. ಎತ್ತರದ ಮಕ್ಕಳಿಗೆ ಹೊಂದುತ್ತದೆ. "ಬೆಳೆಯೋ ಮಗು, 26 ತಗೊಳ್ಳಿ" ಅಂತ ಅಂಗಡಿಯಲ್ಲೂ ಹೇಳಿದರು, ಮನೆಯಲ್ಲೂ ಹೇಳಿದರು. ನಿಲ್ಲಿಸಿದಾಗ ಎರಡೂ ಕಾಲು ನೆಲಕ್ಕೆ ಊರಿ, ನಡುವಿನ ಪೈಪಿಗೂ ಮೈಗೂ ಮೂರ್ನಾಲ್ಕು ಬೆರಳು ಜಾಗ ಉಳಿಯಬೇಕು. 26ರಲ್ಲಿ ಅದು ಉಳಿಯಲಿಲ್ಲ. ಬಟ್ಟೆ ಬೇಕಾದರೆ ದೊಡ್ಡದು ತರೋಣ, ಸೈಕಲ್ ಬೇಡ.

ಇದೇ ಮಾಡೆಲ್ ವಿ-ಬ್ರೇಕ್‌ನಲ್ಲೂ ಇತ್ತು, ಡಬಲ್ ಡಿಸ್ಕ್‌ನಲ್ಲೂ ಇತ್ತು. ಡಿಸ್ಕ್‌ಗೆ ಸುಮಾರು ಒಂದೂವರೆ ಸಾವಿರ ಜಾಸ್ತಿ. ಮಗಳಿಗೆ ಡಿಸ್ಕೇ ಬೇಕಿತ್ತು, ಓಣಿಯ ಹುಡುಗರ ಸೈಕಲ್‌ಗೆಲ್ಲ ಅದೇ ಇದೆಯಲ್ಲ. ಅಂಗಡಿಯವರೂ "ಡಿಸ್ಕ್ ಇದ್ರೆ ಗಕ್ಕನೆ ನಿಲ್ಲುತ್ತೆ ಮೇಡಂ" ಅಂದರು. ನಾನು ಅವಳನ್ನು ಎರಡರ ಮೇಲೂ ಕೂರಿಸಿ ಒಂದೇ ಮಾತು ಹೇಳಿದೆ: ಹ್ಯಾಂಡಲ್ ಬಿಡದೆ ತೋರುಬೆರಳು, ನಡುಬೆರಳಿಂದ ಲಿವರ್ ಎಳೆ. ಡಿಸ್ಕ್ ಮಾಡೆಲ್‌ನಲ್ಲಿ ಲಿವರ್‌ಗೆ ಅವಳ ಬೆರಳ ತುದಿ ಮಾತ್ರ ತಾಗುತ್ತಿತ್ತು. ಎಳೆಯಬೇಕಾದರೆ ಅಂಗೈಯನ್ನೇ ಮುಂದೆ ಜಾರಿಸಬೇಕು. ವಿ-ಬ್ರೇಕ್ ಮಾಡೆಲ್‌ನ ಲಿವರ್ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇತ್ತು. ಅದನ್ನು ಒಳಗೆ ತಿರುಗಿಸಿದರೆ ಲಿವರ್ ಹ್ಯಾಂಡಲ್ ಕಡೆಗೆ ಸರಿಯುತ್ತದೆ. ಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಸರಿಯಾಗಿ ಕೂರುವವರೆಗೂ ತಿರುಗಿಸಿದೆ. ಡಿಸ್ಕಾ, ವಿ-ಬ್ರೇಕಾ ಅನ್ನುವ ಚರ್ಚೆ ನಮ್ಮ ಮಟ್ಟಿಗೆ ಅಲ್ಲೇ ಮುಗಿಯಿತು.

ಈ ಸ್ಕ್ರೂ ಬಗ್ಗೆ ಒಂದು ಮಾತು ಇದೆ. ಲಿವರನ್ನು ಹ್ಯಾಂಡಲ್ ಹತ್ತಿರ ತಂದಷ್ಟೂ ಅದು ಎಳೆಯುವ ದೂರ ಕಮ್ಮಿಯಾಗುತ್ತದೆ. ಆಗ ಬ್ರೇಕ್ ರಬ್ಬರ್ ರಿಮ್‌ಗೆ ಹತ್ತಿರ ಇರಬೇಕು. ಹತ್ತಿರ ಇರಬೇಕಾದರೆ ಚಕ್ರ ಓಲಾಡದೆ ನೇರ ತಿರುಗಬೇಕು. ಚಕ್ರದ ಒಂದೆರಡು ಕಡ್ಡಿ (ಸ್ಪೋಕ್) ಸಡಿಲವಾದರೂ ರಬ್ಬರ್ ಒಂದು ಕಡೆ ಉಜ್ಜುತ್ತದೆ. ಹಾಗಾಗಿ ಚಿಕ್ಕ ಕೈಯ ಮಗುವಿನ ಸೈಕಲ್‌ಗೆ ದೊಡ್ಡವರ ಸೈಕಲ್‌ಗಿಂತ ಜಾಸ್ತಿ ಸಲ ಕಡ್ಡಿ ಬಿಗಿ ಮಾಡಿಸಬೇಕಾಗುತ್ತದೆ. ಇದನ್ನು ಯಾವ ಅಂಗಡಿಯಲ್ಲೂ ಯಾರೂ ಹೇಳಲಿಲ್ಲ.

ರಿಮ್ ನೋಡಲು ಫ್ರಿಜ್ ಮೇಲಿನ ಆಯಸ್ಕಾಂತ ಪರ್ಸ್‌ನಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಟಿಕೊಂಡರೆ ಸ್ಟೀಲ್, ಅಂಟದಿದ್ದರೆ ಅಲ್ಯೂಮಿನಿಯಂ. ಫಳಫಳ ಹೊಳೆಯುವ ಸ್ಟೀಲ್ ರಿಮ್ ಒಣಗಿದ್ದಾಗ ಪರವಾಗಿಲ್ಲ. ಒದ್ದೆಯಾದರೆ ರಬ್ಬರ್ ಜಾರುತ್ತಲೇ ಇರುತ್ತದೆ, ಸೈಕಲ್ ಹೋಗುತ್ತಲೇ ಇರುತ್ತದೆ. ಅಂಗಡಿಯ ಹುಡುಗ ನಕ್ಕ, ನಗಲಿ.

ಈಗ ಬೀದರಿನ ವಿಷಯ. ನಮ್ಮ ಊರು ಪ್ರಸ್ಥಭೂಮಿಯ ಅಂಚಿನ ಮೇಲೆ ಕೂತಿದೆ. ಊರೊಳಗೆ ಗವಾನ್ ಮದರಸಾ, ಚೌಬಾರಾ ಸುತ್ತ ತಿರುಗುವಾಗ ಗೊತ್ತಾಗುವುದಿಲ್ಲ. ಅಷ್ಟೂರಿನ ಬಹಮನಿ ಗೋರಿಗಳ ಕಡೆ ಹೊರಟರೆ ಗೊತ್ತಾಗುತ್ತದೆ, ರಸ್ತೆ ಕೆಳಗಿಳಿಯುತ್ತದೆ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ನಮ್ಮ ಸವಾರಿ ಜಾಸ್ತಿ ಆ ಕಡೆಗೇ. ಅವಳು ಸೈಕಲ್, ನಾನು ಹಿಂದೆ ಸ್ಕೂಟಿ.

ಇಳಿಜಾರಿಗೆ ವಿ-ಬ್ರೇಕ್ ಸಾಲುತ್ತಾ? ಲೆಕ್ಕ ನೋಡಿ. ಆಗ ಮಗಳು 28 ಕೆಜಿ, ಸೈಕಲ್ 15, ಒಟ್ಟು 43. ದೊಡ್ಡವರೊಬ್ಬರು ಕೂತರೆ ಹತ್ತಿರ ಹತ್ತಿರ ಇದರ ದುಪ್ಪಟ್ಟಾಗುತ್ತದೆ. ಅಷ್ಟು ಭಾರ ನಿಲ್ಲಿಸಲು ಮಾಡಿದ ಬ್ರೇಕಿಗೆ ಇವಳ ಭಾರ ಏನೂ ಅಲ್ಲ. ನಿಜ ಹೇಳಬೇಕೆಂದರೆ ತೊಂದರೆ ಉಲ್ಟಾ ಇತ್ತು. ಡಾಂಬರು ಬಿಟ್ಟು ಮುರುಮ್ ದಾರಿಗೆ ಇಳಿದರೆ, ಸಡಿಲ ಕೆಂಪು ಕಲ್ಲಿನ ಮೇಲೆ ಹಿಂದಿನ ಚಕ್ರ ತಿರುಗುವುದು ಬೇಗ ನಿಂತು ಜಾರುತ್ತಿತ್ತು. ಅಲ್ಲಿ ಸೋಲುವುದು ಟೈರ್, ಬ್ರೇಕ್ ಅಲ್ಲ. ಡಿಸ್ಕ್ ಇದ್ದರೂ ಅಷ್ಟೇ ಜಾರುತ್ತಿತ್ತು.

ಅದಕ್ಕೆ ಬೇಕಾದದ್ದು ಅಭ್ಯಾಸ. ನಮ್ಮ ಕಡೆ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಚಕ್ರದ್ದು, ಎಡಗೈ ಹಿಂದಿನದ್ದು. "ಮುಂದಿನ ಬ್ರೇಕ್ ಹಿಡೀಬೇಡ, ಮಗುಚಿ ಬೀಳ್ತಿ" ಅಂತ ಹಿರಿಯರು ಹೆದರಿಸುತ್ತಾರೆ. ಮಗು ಹಿಂದಿನದ್ದೊಂದನ್ನೇ ಹಿಡಿದು ಉದ್ದಕ್ಕೂ ಜಾರುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಹಾಗಾಗಿ ನಿಜವಾಗಿ ನಿಲ್ಲಿಸುವುದು ಮುಂದಿನದ್ದೇ. ಎರಡನ್ನೂ ಒಟ್ಟಿಗೆ, ಮೆಲ್ಲಗೆ, ಕುಂಡಿ ಸೀಟಿನ ಹಿಂದಕ್ಕೆ ಸರಿಸಿ. ಖಾಲಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಗೆರೆ ದಾಟದಂತೆ ನಿಲ್ಲಿಸುವ ಆಟ ಆಡಿಸಿದೆ. ಅದು ಕೈಗೆ ಕೂತ ಮೇಲೆ ಅಷ್ಟೂರು.

ಎರಡು ಮಳೆಗಾಲ ಕಳೆದ ಮೇಲೆ ವಿ-ಬ್ರೇಕ್ ಬಗ್ಗೆ ನನ್ನ ಮುಖ್ಯ ದೂರು ಇದು. ಕೆಂಪು ಮುರುಮ್ ಪುಡಿ ನೀರಿಗೆ ಕಲಸಿ ರಿಮ್ ಮೇಲೆ ಅಂಟುತ್ತದೆ. ಅದರ ಸಣ್ಣ ಹರಳು ರಬ್ಬರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಕರ್ರ್ ಅನ್ನುತ್ತದೆ, ರಿಮ್ ಮೇಲೆ ಗೆರೆ ಬೀಳುತ್ತವೆ. ರಬ್ಬರ್ ಬಿಚ್ಚಿ ನೋಡಿದರೆ ಮಿಣಮಿಣ ಅಲ್ಯೂಮಿನಿಯಂ ಚೂರುಗಳು ಕಾಣುತ್ತವೆ. ಸೇಫ್ಟಿ ಪಿನ್‌ನಿಂದ ಕಿತ್ತು, ಮರಳು ಕಾಗದದಲ್ಲಿ ಮೇಲ್ಮೈ ಉಜ್ಜಿ, ರಿಮ್ ಒದ್ದೆ ಬಟ್ಟೆಯಿಂದ ಒರೆಸಿ ಹಾಕುತ್ತೇನೆ. ರಬ್ಬರ್ ಮೇಲೆ ಸವಕಳಿ ಗೆರೆ ಇರುತ್ತದೆ, ಅಲ್ಲಿಗೆ ಬಂದರೆ ಬದಲಿಸಬೇಕು. ಮಳೆಗಾಲ ಮುಗಿದ ಮೇಲೆ ಹೊಸ ಜೋಡಿ ಹಾಕುವುದು ರೂಢಿಯಾಗಿದೆ. ದುಡ್ಡು ದೊಡ್ಡದಲ್ಲ, ಯಾವ ಪಂಚರ್ ಅಂಗಡಿಯಲ್ಲೂ ಸಿಗುತ್ತದೆ. ಹೊಸ ರಬ್ಬರ್ ಕೀಂ ಅಂತ ಕಿರುಚಿದರೆ, ಅದರ ಮುಂಭಾಗ ಹಿಂಭಾಗಕ್ಕಿಂತ ಒಂದು ಮಿಲಿಮೀಟರ್ ಮೊದಲು ರಿಮ್ ಮುಟ್ಟುವಂತೆ ಕೂರಿಸಿ. ಕಿರುಚಾಟ ನಿಲ್ಲುತ್ತದೆ.

ನಡುವೆ ಒಂದು ಸಲ ಬಿದ್ದು ಬಲಗೈ ಲಿವರ್ ಮುರಿಯಿತು. ರಿಪೇರಿಗೆ ಕೊಟ್ಟ ಕಡೆ ಹಳೆಯ ಮಾದರಿ ಲಿವರ್ ಹಾಕಿ ಕಳಿಸಿದರು. ನೋಡಲು ಚೆನ್ನಾಗಿತ್ತು. ಆದರೆ ಲಿವರ್ ಹ್ಯಾಂಡಲ್ ಮುಟ್ಟುವವರೆಗೂ ಎಳೆದರೂ ಸೈಕಲ್ ಸರಿಯಾಗಿ ನಿಲ್ಲುತ್ತಿರಲಿಲ್ಲ. ವಿ-ಬ್ರೇಕ್‌ಗೆ ವೈರನ್ನು ಜಾಸ್ತಿ ದೂರ ಎಳೆಯುವ ಲಿವರ್ ಬೇಕು, ಹಳೆಯದು ಅದರ ಅರ್ಧದಷ್ಟು ಮಾತ್ರ ಎಳೆಯುತ್ತದೆ. ವೈರ್ ಬಿಗಿ ಮಾಡಿ ಸರಿ ಮಾಡುವ ಮಾತಲ್ಲ ಇದು. ಕೊನೆಗೆ ಹೈದರಾಬಾದ್‌ಗೆ ಹೋಗುವವರ ಕೈಯಲ್ಲಿ ಸರಿಯಾದ ಜೋಡಿ ತರಿಸಿ ನಾನೇ ಹಾಕಿದೆ. ಅಲೆನ್ ಕೀ ಸೆಟ್ ಒಂದು ಮನೆಯಲ್ಲಿರಲಿ. ಎರಡು ಸ್ಕ್ರೂ ಬಿಚ್ಚಿ ಹಾಕುವ ಕೆಲಸಕ್ಕೆ ಗಂಡನನ್ನೋ ಮಿಸ್ತ್ರಿಯನ್ನೋ ಕಾಯಬೇಕಿಲ್ಲ.

ಇನ್ನು ಡಿಸ್ಕ್. ಕಲಬುರಗಿಯಲ್ಲಿ ನಮ್ಮ ಅಣ್ಣನ ಮಗನ ಹತ್ತಿರ ವೈರ್ ಎಳೆಯುವ ಡಿಸ್ಕ್‌ನ ಸೈಕಲ್ ಇದೆ. ಸಪಾಟು ರಸ್ತೆಯ ಊರಲ್ಲಿ ಡಿಸ್ಕ್, ಇಳಿಜಾರಿನ ಊರಲ್ಲಿ ವಿ-ಬ್ರೇಕ್! ರಜೆಗೆ ಹೋದಾಗ ಅವನ ಸೈಕಲನ್ನೂ ನೋಡುತ್ತಿರುತ್ತೇನೆ. ಹೊಸದರಲ್ಲಿ ನಿಜಕ್ಕೂ ಚೆನ್ನಾಗಿ ಹಿಡಿಯುತ್ತಿತ್ತು. ಆಮೇಲೆ ಯಾರೋ ಚೈನಿಗೆ ಎಣ್ಣೆ ಸ್ಪ್ರೇ ಹೊಡೆಯುವಾಗ ಡಿಸ್ಕ್ ತಟ್ಟೆಗೂ ಬಿತ್ತು. ಎಣ್ಣೆ ಕುಡಿದ ಪ್ಯಾಡ್ ಕಥೆ ಬಹುಪಾಲು ಮುಗಿದ ಹಾಗೆ. ತಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಬಹುದು, ಪ್ಯಾಡ್ ಬದಲಿಸುವುದೇ ವಾಸಿ. ಇನ್ನೊಂದು ಸಲ ಸೈಕಲ್ ಬಲಕ್ಕೆ ಬಿದ್ದಿತ್ತು, ಏನೂ ಆಗಲಿಲ್ಲ. ಎಡಕ್ಕೆ ಬಿದ್ದಾಗ ತಟ್ಟೆ ಬಾಗಿತು, ಏಕೆಂದರೆ ಡಿಸ್ಕ್ ಇರುವುದು ಎಡಗಡೆ. ಮಕ್ಕಳು ಸ್ಟ್ಯಾಂಡ್ ಹಾಕುವುದಿಲ್ಲ, ಎಸೆದು ಓಡುತ್ತಾರೆ, ಅಲ್ವಾ?

ಅಗ್ಗದ ಡಿಸ್ಕ್‌ನಲ್ಲಿ ಇನ್ನೊಂದು ತಕರಾರು ಇದೆ. ಸಾಮಾನ್ಯವಾಗಿ ಒಂದೇ ಪ್ಯಾಡ್ ಚಲಿಸುತ್ತದೆ. ಅದು ತಟ್ಟೆಯನ್ನು ತಳ್ಳಿ, ಆಚೆ ಕಡೆ ನಿಂತಿರುವ ಪ್ಯಾಡಿಗೆ ಒತ್ತುತ್ತದೆ. ಪ್ಯಾಡ್ ಸವೆದಂತೆ ಆ ನಿಂತ ಪ್ಯಾಡನ್ನೂ ತಿರುಪಿನಿಂದ ಒಳಗೆ ತರಬೇಕು. ಹೆಚ್ಚಿನವರು ಬರೀ ವೈರ್ ಬಿಗಿ ಮಾಡಿ ಕಳಿಸುತ್ತಾರೆ. ಲಿವರ್ ಗಟ್ಟಿ ಅನಿಸುತ್ತದೆ, ಬ್ರೇಕ್ ಮಾತ್ರ ಹಿಡಿಯುವುದಿಲ್ಲ. ಚಿಕ್ಕವರಿರುವ ಮನೆಯಲ್ಲಿ ತಿರುಗುವ ತಟ್ಟೆಗೆ ಬೆರಳು ಹಾಕುವ ಅಪಾಯವೂ ಇದೆ.

ಆದರೆ ಡಿಸ್ಕ್ ಗೆಲ್ಲುವ ಜಾಗವೂ ಇದೆ: ಎರೆ ಮಣ್ಣು. ಔರಾದ್ ಕಡೆ ನಮ್ಮ ಸಂಬಂಧಿಕರ ಹೊಲವಿದೆ. ಒಂದು ಮಳೆ ಬಿದ್ದ ಮೇಲೆ ಮಗಳು ಆ ದಾರಿಯಲ್ಲಿ ಸೈಕಲ್ ಇಳಿಸಿದಳು. ಎರೆ ಮಣ್ಣು ಟೈರಿಗೆ ಸುತ್ತಿಕೊಂಡು ವಿ-ಬ್ರೇಕಿನ ಎರಡು ತೋಳುಗಳ ನಡುವೆ ಗಚ್ಚಾಗಿ ತುಂಬಿತು. ಚಕ್ರ ತಿರುಗುವುದೇ ನಿಂತಿತು. ಕಡ್ಡಿಯಿಂದ ಕೆರೆದು, ಮತ್ತೆ ಸ್ವಲ್ಪ ದೂರ ಹೋಗಿ, ಮತ್ತೆ ಕೆರೆದು, ಕೊನೆಗೆ ಹೊತ್ತು ತಂದೆವು. ಡಿಸ್ಕ್ ಇದ್ದಿದ್ದರೆ ಅಷ್ಟು ಬೇಗ ಕಟ್ಟಿಕೊಳ್ಳುತ್ತಿರಲಿಲ್ಲ, ಬ್ರೇಕ್ ಹಿಡಿಯುವ ಜಾಗ ಮಣ್ಣಿನಿಂದ ಮೇಲಿರುತ್ತದೆ. ಕಲಬುರಗಿ, ಯಾದಗಿರಿ ಕಡೆ ಎರೆ ಹೊಲದ ದಾರಿಯಲ್ಲೇ ಮಳೆಗಾಲದಲ್ಲೂ ಶಾಲೆಗೆ ಹೋಗಬೇಕಾದ ಮಗುವಾದರೆ ನಾನೂ ಡಿಸ್ಕ್ ಯೋಚಿಸುತ್ತಿದ್ದೆ. ಮುರುಮ್ ಮತ್ತು ಡಾಂಬರಿಗೆ ಬೇಕಿಲ್ಲ.

ವೈರ್ ಬದಲು ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಬೇರೆಯೇ ಲೆಕ್ಕ. ಲಿವರ್ ಹಗುರ, ಒಂದು ಬೆರಳು ಸಾಕು, ಪ್ಯಾಡ್ ಸವೆದದ್ದನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಮಗುವಿನ ಕೈಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಸೈಕಲ್ ಬೆಲೆ ಎಲ್ಲೋ ಹೋಗುತ್ತದೆ. ನಾನು ವಿಚಾರಿಸಿದ ಅಂಗಡಿಗಳಲ್ಲಿ ಆಯಿಲ್ ಬದಲಿಸಿ ಗಾಳಿ ತೆಗೆಯುವ ಕೆಲಸ ಯಾರೂ ಒಪ್ಪಿಕೊಳ್ಳಲಿಲ್ಲ. ಕೆಲವು ಬ್ರೇಕ್‌ಗೆ ಮಿನರಲ್ ಆಯಿಲ್, ಶಿಮಾನೋ ಕಂಪನಿಯದ್ದು ಹಾಗೆ. ಕೆಲವಕ್ಕೆ ಕಾರು ಬೈಕಿನ ಬ್ರೇಕ್‌ಗೆ ಹಾಕುವ ಡಾಟ್ ಆಯಿಲ್. ಅದಲು ಬದಲಾದರೆ ಒಳಗಿನ ಸೀಲ್ ಹಾಳು. ನಮ್ಮ ಪಂಚರ್ ಅಂಗಡಿಗಳಲ್ಲಿ ಮೊದಲ ಕೆಲಸವೇ ಸೈಕಲ್ ತಲೆಕೆಳಗೆ ನಿಲ್ಲಿಸುವುದು. ಹೈಡ್ರಾಲಿಕ್‌ನ ಒಳಗೆ ಸ್ವಲ್ಪ ಗಾಳಿ ಇದ್ದರೂ ಆಗ ಅದು ಪೈಪಿಗೆ ಸೇರಿ ಲಿವರ್ ಮೆತ್ತಗಾಗುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಗೇರ್ ಪರವಾಗಿಲ್ಲ. ಸೀಟು ಗಟ್ಟಿ. ಮುಂದಿನ ಶಾಕಪ್ ಶೋಕಿಗೆ ಮಾತ್ರ. ಒಳಗಿನ ಸ್ಪ್ರಿಂಗ್ ಒತ್ತಲು ಮಗುವಿನ ಭಾರ ಸಾಲುವುದಿಲ್ಲ, ತೂಕ ಮಾತ್ರ ಜಾಸ್ತಿ. ಅದಿಲ್ಲದ ಮಾಡೆಲ್ ಸಿಕ್ಕರೆ ಅದನ್ನೇ ತಗೊಳ್ಳಿ, ಅಷ್ಟೂರಿನಿಂದ ವಾಪಸ್ ಏರುವಾಗ ಮಗು ನಿಮ್ಮನ್ನು ನೆನೆಯುತ್ತದೆ. ಜಾಲಿ ಮುಳ್ಳಿಗೆ ಟ್ಯೂಬ್ ಒಳಗೆ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿಸಿದ ಮೇಲೆ ಪಂಚರ್ ಕಮ್ಮಿಯಾಗಿದೆ.

ಮಗಳು ಈಗ ಉದ್ದ ಆಗಿದ್ದಾಳೆ, ಸೀಟಿನ ಕಂಬ ಕೊನೆಯ ಗೆರೆ ಮುಟ್ಟಿದೆ. 26 ಇಂಚಿನದ್ದು ನೋಡುತ್ತಿದ್ದೇವೆ. ಅವಳಿಗೆ ಈಗಲೂ ಡಿಸ್ಕೇ ಬೇಕು. ಈ ಸಲ ಬೆರಳು ಉದ್ದವಾಗಿರುವುದರಿಂದ ನನ್ನ ಹಳೆಯ ವಾದ ನಡೆಯುವುದಿಲ್ಲ. ಹೈಡ್ರಾಲಿಕ್‌ಗೆ ಸರ್ವಿಸ್ ಮಾಡುವವರು ಹೈದರಾಬಾದ್‌ನಲ್ಲಾದರೂ ಗೊತ್ತಾದರೆ ಒಪ್ಪುತ್ತೇನೆ, ಇಲ್ಲದಿದ್ದರೆ ಮತ್ತೆ ವಿ-ಬ್ರೇಕ್. ಹಳೆಯದು ಔರಾದ್‌ನ ಹುಡುಗನಿಗೆ ಹೋಗುತ್ತದೆ. ಕೊಡುವ ಮುಂಚೆ ಹೊಸ ರಬ್ಬರ್, ಹೊಸ ವೈರ್ ಹಾಕಿ, ಲಿವರಿನ ಸ್ಕ್ರೂ ಅವನ ಕೈ ಅಳತೆಗೆ ಮತ್ತೆ ಒಳಗೆ ತಿರುಗಿಸಬೇಕು. ಮಳೆ ಬಿದ್ದ ದಿನ ಹೊಲಕ್ಕೆ ಒಯ್ಯಬೇಡ ಅಂತ ಹೇಳುತ್ತೇನೆ, ಕೇಳುತ್ತಾನೋ ಇಲ್ಲವೋ.