ಎರಡಕ್ಷರದ ರಾಜ್ಯ, ಒಂದೊಂದು ಬರ್ಗರ್

ಕೆಎ 09 ಕಂಡ ಕೂಡಲೇ ಮೈಸೂರು ಗಾಡಿ ಅನ್ನುವ ನನಗೆ ಅಮೆರಿಕದ ರಾಜ್ಯಗಳ ಎರಡಕ್ಷರದ ಕೋಡ್ ಮಾತ್ರ ತಲೆಗೆ ಹತ್ತಲೇ ಇಲ್ಲ. ಎಂ ಅಕ್ಷರದ ರಾಜ್ಯಗಳೇ ಎಂಟಿವೆ! ಮಿನ್ನಿಯಾಪೊಲಿಸ್ ಗೆಳೆಯನಿಗೆ ಪಾರ್ಸೆಲ್ ಕಳಿಸುವಾಗ ಎಂಐ ಅಂತ ಬರೆದಿದ್ದೆ, ಅದು ಮಿಷಿಗನ್ ಅಂತೆ. ಮಿನ್ನೆಸೋಟ ಅಂದರೆ ಎಂಎನ್. ಈ ಕೋಡ್‌ಗಳು 1963ರಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಜೊತೆ ಬಂದವು. ನೆಬ್ರಾಸ್ಕಾಗೆ ಮೊದಲು ಎನ್‌ಬಿ ಕೊಟ್ಟು, ಕೆನಡಾದ ನ್ಯೂ ಬ್ರನ್ಸ್‌ವಿಕ್ ಜೊತೆ ಕಲಸುಮೇಲೋಗರ ಆಗುತ್ತದೆ ಅಂತ 1969ರಲ್ಲಿ ಎನ್‌ಇ ಮಾಡಿದರು. ಸದ್ಯ, ಗೊಂದಲ ನನಗೊಬ್ಬನಿಗೇ ಅಲ್ಲ. ಕೊನೆಗೆ ಒಂದೊಂದು ಕೋಡ್‌ಗೂ ಅಲ್ಲಿ ತಿಂದ ಬರ್ಗರ್ ಗಂಟು ಹಾಕಿದೆ. ಆಮೇಲೆ ಮರೆತಿಲ್ಲ.

ಸಿಟಿ, ಅಂದರೆ ಕನೆಕ್ಟಿಕಟ್. ನ್ಯೂ ಹೇವನ್‌ನ ಲೂಯಿಸ್ ಲಂಚ್‌ನವರು 1900ರಲ್ಲಿ ಹ್ಯಾಂಬರ್ಗರ್ ಶುರು ಮಾಡಿದ್ದೇ ನಾವು ಅನ್ನುತ್ತಾರೆ. ಅದಕ್ಕೆ ಬೇರೆ ಊರಿನವರ ತಕರಾರೂ ಇದೆ, ಬಿಡಿ. ಇಲ್ಲಿ ಬನ್ ಇಲ್ಲ, ಟೋಸ್ಟ್ ಮಾಡಿದ ಬ್ರೆಡ್. ಚೀಸ್, ಟೊಮೆಟೊ, ಈರುಳ್ಳಿ ಬಿಟ್ಟರೆ ಏನೂ ಇಲ್ಲ, ಕೆಚಪ್ ಕೇಳುವ ಹಾಗೇ ಇಲ್ಲ. ಮಾಂಸವನ್ನು ಹಳೇ ಕಬ್ಬಿಣದ ಒಲೆಯಲ್ಲಿ ನಿಲ್ಲಿಸಿ ಸುಡುತ್ತಾರೆ. ನೋಡೋಕೆ ಚೆಂದ. ತಿನ್ನೋಕೆ ನನಗೆ ಸ್ವಲ್ಪ ಸಪ್ಪೆ.

ಸಿಎ, ಅಂದರೆ ಕ್ಯಾಲಿಫೋರ್ನಿಯಾದ ಇನ್-ಎನ್-ಔಟ್, ಟಿಎಕ್ಸ್, ಅಂದರೆ ಟೆಕ್ಸಾಸ್‌ನ ವಾಟಾಬರ್ಗರ್ ಬಗ್ಗೆ ಜನ ಜಗಳವನ್ನೇ ಆಡುತ್ತಾರೆ. ಎರಡೂ ಚೆನ್ನಾಗಿವೆ, ಆದರೆ ಎರಡೂ ಚೈನ್ ಅಂಗಡಿ. ಇನ್-ಎನ್-ಔಟ್ 2011ರಿಂದ ಟೆಕ್ಸಾಸ್‌ನಲ್ಲೂ ಇದೆ, ಇನ್ನು ಕೋಡ್ ನೆನಪಿಗೆ ಏನು ಉಪಯೋಗ? ಸಸ್ಯಾಹಾರಿ ಹೆಂಡತಿಗೆ ಇನ್-ಎನ್-ಔಟ್‌ನಲ್ಲಿ ಗ್ರಿಲ್ಡ್ ಚೀಸ್ ಸಿಗುತ್ತದೆ, ಅದಕ್ಕೆ ಅವಳ ಓಟು ಸಿಎಗೆ.

ಎಂಎನ್‌ನಲ್ಲಿ ಒಂದೇ ಊರು ಮಿನ್ನಿಯಾಪೊಲಿಸ್, ಒಂದೇ ರಸ್ತೆ ಸೀಡರ್ ಅವೆನ್ಯೂ, ಎರಡು ಅಂಗಡಿ. ಮ್ಯಾಟ್ಸ್ ಬಾರ್ ಮತ್ತು 5-8 ಕ್ಲಬ್. ಚೀಸನ್ನು ಮಾಂಸದ ಮೇಲಲ್ಲ, ಹೋಳಿಗೆಗೆ ಹೂರಣ ತುಂಬಿದ ಹಾಗೆ ಒಳಗೆ ತುಂಬುತ್ತಾರೆ. ಹೆಸರು ಜೂಸಿ ಲೂಸಿ. ಮ್ಯಾಟ್ಸ್‌ನವರು ಜೂಸಿಯ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಐ ಅಕ್ಷರ ನುಂಗಿದ್ದಾರೆ, 5-8 ಸರಿಯಾಗಿ ಬರೆಯುತ್ತದೆ, ಇದಕ್ಕೇ ಇಬ್ಬರೂ ಒಬ್ಬರನ್ನೊಬ್ಬರು ಕಿಚಾಯಿಸುತ್ತಾರೆ. 5-8ರಲ್ಲಿ ಬೇರೆ ಬೇರೆ ಚೀಸ್ ಆರಿಸಿಕೊಳ್ಳಬಹುದು. ನಾನು ಮ್ಯಾಟ್ಸ್ ಕಡೆ. ಕರಗಿದ ಚೀಸ್ ಕುದಿಯುತ್ತಿರುತ್ತದೆ, ಎರಡು ನಿಮಿಷ ಸುಮ್ನೆ ನೋಡುತ್ತಾ ಕೂರಬೇಕು. ಕಷ್ಟ.

ಎನ್‌ಎಂ, ನ್ಯೂ ಮೆಕ್ಸಿಕೊ. ಸ್ಯಾನ್ ಆಂಟೋನಿಯೊ ಅನ್ನೋ ಪುಟ್ಟ ಊರಿನ ಔಲ್ ಬಾರ್‌ನಲ್ಲಿ ಸುಟ್ಟ ಹಸಿಮೆಣಸಿನಕಾಯಿ ಹೆಚ್ಚಿ ಹಾಕಿದ ಚೀಸ್‌ಬರ್ಗರ್. ಅಮೆರಿಕದಲ್ಲಿ ಖಾರ ಅಂದರೆ ನಗು ಬರುತ್ತದಲ್ವಾ, ಇದು ಹಾಗಲ್ಲ, ಅಮ್ಮ ಕೆಂಡದ ಮೇಲೆ ಮೆಣಸಿನಕಾಯಿ ಸುಟ್ಟು ಚಟ್ನಿ ಮಾಡುವಾಗಿನ ಘಾಟು ನೆನಪಾಯಿತು.

ಆದರೂ ಗೆದ್ದದ್ದು ಓಕೆ. ಓಕ್ಲಹೋಮದ ಎಲ್ ರೀನೊ ಊರು, ರೂಟ್ 66 ಅನ್ನೋ ಹಳೇ ಹೆದ್ದಾರಿ ಮೇಲಿದೆ. 1920ರ ದಶಕದಲ್ಲಿ ಮಾಂಸ ದುಬಾರಿ, ಈರುಳ್ಳಿ ಅಗ್ಗ, ಅದಕ್ಕೆ ಈರುಳ್ಳಿ ಜಾಸ್ತಿ ಹಾಕಿ ಹೊಟ್ಟೆ ತುಂಬಿಸಿದರಂತೆ. ಕಾದ ಹಂಚಿನ ಮೇಲೆ ಮಾಂಸದ ಉಂಡೆ, ಅದರ ಮೇಲೆ ತೆಳ್ಳಗೆ ಹೆಚ್ಚಿದ ಈರುಳ್ಳಿ ರಾಶಿ, ಮೊಗಚೆಕಾಯಿಂದ ಗಟ್ಟಿಯಾಗಿ ಒತ್ತಿ ತಿರುವಿ ಹಾಕುತ್ತಾರೆ. ಈರುಳ್ಳಿ ಕೆಂಪಗಾಗಿ ಮಾಂಸಕ್ಕೇ ಅಂಟಿಕೊಂಡು ಅಂಚಲ್ಲಿ ಗರಿಗರಿ, ಒಳಗೆ ಸಿಹಿ. ಸಾಸ್ ಬೇಕು ಅನ್ನಿಸುವುದೇ ಇಲ್ಲ. 1926ರ ರಾಬರ್ಟ್ಸ್ ಗ್ರಿಲ್, ಸಿಡ್ಸ್, ಎರಡೂ ಒಂದೇ ದಿನ ತಿಂದೆ. ಸಿಡ್ಸ್‌ನದು ದೊಡ್ಡದು, ಆದರೆ ಗರಿಗರಿ ರಾಬರ್ಟ್ಸ್‌ನದೇ. ಫ್ರೆಂಚ್ ಫ್ರೈಸ್ ಹಿಡಿದು ಕೂತಿದ್ದ ಹೆಂಡತಿ, "ರೀ, ಗಾಂಧಿ ಬಜಾರಿನ ಈರುಳ್ಳಿ ಬಜ್ಜಿ ವಾಸನೆ" ಅಂದಳು. ಮೂರನೇ ಅಂಗಡಿ ಜಾನೀಸ್ ಇನ್ನೂ ಬಾಕಿ ಇದೆ, ಅವತ್ತು ಹೊಟ್ಟೆಯಲ್ಲಿ ಜಾಗ ಇರಲಿಲ್ಲ.